ಎಸೆಯುವ ಮುನ್ನ ಒಂದು ಕ್ಲಿಕ್

ಡ್ರೆಸ್ಡನ್ನಿನ ನಮ್ಮ ಕ್ಯಾಮೆರಾ ಕಾರ್ಖಾನೆಗೆ ಬೀಗ ಬಿದ್ದ ವರ್ಷ, ಟ್ರಾಮಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. ಇಬ್ಬರೂ ಅಲ್ಲೇ ದುಡಿದವರು.

"ಏನೇ ರೋಸ್ವಿಟಾ, ನಿನ್ನನ್ನ ಮತ್ತೆ ಕೆಲಸಕ್ಕೆ ಕರೆದ್ರಂತೆ?"

"ಕರೆದ್ರು, ಗೋಡೌನ್ ಖಾಲಿ ಮಾಡೋಕೆ. ಉಳಿದಿರೋ ಕ್ಯಾಮೆರಾ ಎಲ್ಲಾ ಗುಜರಿ ಲಾರಿಗೆ ಎಸೀಬೇಕು."

"ಹೊಸಾವಾ?"

"ಡಬ್ಬಿ ಕೂಡ ಒಡೆದಿಲ್ಲ. ಕೊಳ್ಳೋರೇ ಇಲ್ವಲ್ಲ. ನಿಮ್ಮನೇಲೂ ಈಗ ಜಪಾನಿಂದೇ ತಾನೆ?"

"ಅಳಿಯ ತಂದ್ಕೊಟ್ಟ ಕಣೆ. ಬೇಡ ಅನ್ನೋಕಾಗುತ್ತಾ?"

"ಆಗಲ್ಲ ಬಿಡು. ಇವತ್ತು ಮೇಸ್ತ್ರಿ ಹತ್ರ ಬೈಸ್ಕೊಂಡೆ."

"ಯಾಕೆ?"

"ನಮ್ಮ ತಪಾಸಣೆ ಟೇಬಲ್ ರೂಢಿ ಗೊತ್ತಲ್ಲ, ಶಟರ್ ಒತ್ತಿ ಸದ್ದು ಕೇಳದೆ ಒಂದನ್ನೂ ಕೈಯಿಂದ ಬಿಡ್ತಿರಲಿಲ್ಲ. ಇವತ್ತೂ ಒಂದೊಂದೇ ಡಬ್ಬಿ ತೆಗೆದು, ಕಿವಿ ಹತ್ರ ಹಿಡಿದು ಒತ್ತಿ, ಆಮೇಲೆ ಎಸೀತಿದ್ದೆ."

"ಹುಚ್ಚಿ! ಗುಜರಿಗೆ ಹೋಗೋದಕ್ಕೆ ಪರೀಕ್ಷೆ ಬೇರೆ."

"ಅವನೂ ಹಾಗೇ ಅಂದ."

ಟ್ರಾಮ್ ನಿಂತಿತು. ಇಬ್ಬರೂ ಚೀಲ ಹಿಡಿದು ಎದ್ದರು.

"ಹೋಗ್ಲಿ, ಕೆಟ್ಟಿದ್ದು ಎಷ್ಟು ಸಿಕ್ತು?"

ರೋಸ್ವಿಟಾ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಳು.

"ಎಲ್ಲಾ ಸರಿಯಾಗೇ ಇತ್ತು. ಒಂದಾದ್ರೂ ಕೆಟ್ಟಿರಬಾರದಿತ್ತಾ ಹೇಳು?"

ಗೆಳತಿ ಅವಳ ತೋಳು ಹಿಡಿದು ಕೆಳಗಿಳಿಸಿದಳು.