ಬೇವರ್ಸಿ

ಕಟಪಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ನೌಶೀನಳ ಹಿಂದೆ, ಸಿಮೆಂಟ್ ಅಂಗಡಿಯ ಜಲಾಲ್ ತನ್ನ ಕೂಲಿಯಾಳನ್ನು ಗದರಿಸುತ್ತಿದ್ದ.

"ನಿನ್ನೆ ಎಲ್ಲಿ ಸತ್ತಿದ್ದೆ, ಬೇವರ್ಸಿ?"

"ಹಂಗ ಅನಬ್ಯಾಡ್ರಿ, ಸಾವ್ಕಾರ್ರ."

"ಎಂತ ಮಾರಾಯ! ಮೂರು ವರ್ಷದಿಂದ ಪ್ರೀತಿಯಲ್ಲಿ ಕರೆಯುವುದಲ್ವಾ? ಇಲ್ಲಿ ಎಲ್ಲರೂ ತಮಾಷೆಗೆ ಹೇಳ್ತಾರೆ."

"ನಿನ್ನಿ ನನ್ನ ಜೊತಿ ಗೌಂಡಿ ಗ್ವಾಡಿ ಕಟ್ಟೂವಾಗ ಬಿದ್ದು ಸತ್ತಾನ್ರಿ. ನಾ ಹೋಗೂತನಕ ಆಸ್ಪತ್ರ್ಯಾಗ ಅವನ್ನ ಬೇವಾರ್ಸಿ ಹೆಣ ಅಂತಿದ್ರು."

"ವಾರಸುದಾರರು ಇಲ್ಲ ಅಂತಲಾ? ಅಲ್ಲಾ, ಈ ಬೈಗುಳ ಹುಟ್ಟಿದ್ದೇ ಅಲ್ಲಿಂದಲಾ?"

"ಹೌದ್ರಿ. ನನಗೂ ಯಾರಿಲ್ಲ. ನಿಮ್ಮ ನಂಬರ್ ಕಿಸೆದಾಗ ಇಟ್ಕೊಂಡೀನಿ. ಫೋನ್ ಬಂದ್ರ, ನಮ್ಮವ ಅನ್ರಿ."

"ಹೇಳ್ತೇನೆ, ಖಂಡಿತ ಹೇಳ್ತೇನೆ."

ನೌಶೀನ್ ತಿರುಗಿ ನೋಡಿದಳು.

"ಆದರೆ... ನಿನ್ನ ಹೆಸರು ಎಂತ?" ಜಲಾಲ್ ಕೇಳಿದ.

"ಮಲಕಪ್ಪ ಅಂತ್ರಿ," ಎಂದವನು ಚೀಲ ಹೊತ್ತು ನಡೆದುಬಿಟ್ಟ.