ಶ್ರುತಿಯಣ್ಣ ಆರಿಸಿಕೊಂಡ ಗಿಟಾರ್

ಶ್ರುತಿಯಣ್ಣನ ನೆನಪಿಗೆ ಇಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅತ್ತಿಗೆ, ಅವರ ಮಗಳು, ಅಳಿಯ — ನಿಮಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ಎರಡು ವಾರದಿಂದ ಮನೆಗೆ ಬಂದವರೆಲ್ಲ ಹೇಳುವುದನ್ನು ಹೇಳಿಯಾಗಿದೆ, ಕೇಳಿ ಕೇಳಿ ನೀವೂ ದಣಿದಿದ್ದೀರಿ. ನಮ್ಮ ಅಂಗಡಿಯ ಯಜಮಾನರಿಗೆ, ಕೆಲಸಕ್ಕೆ ರಜೆ ಹಾಕಿ ಬಂದಿರುವ ಗಿಟಾರ್ ವಾದಕರಿಗೆ, ಮೂರನೇ ಸಾಲಿನ ಕೊನೆಯಲ್ಲಿ ಕುಳಿತಿರುವ ಗಣಿತದ ಟೀಚರಮ್ಮನವರಿಗೆ — ನೀವು ಬರುತ್ತೀರೋ ಇಲ್ಲವೋ ಎಂದುಕೊಂಡಿದ್ದೆ, ಬಂದಿರಿ — ಎಲ್ಲರಿಗೂ ನನ್ನ ನಮಸ್ಕಾರ.

ಮೈಕು ಸ್ವಲ್ಪ ತಗ್ಗಿಸಿಕೊಳ್ಳುತ್ತೇನೆ. ನನಗೆ ಜೋರಾಗಿ ಮಾತನಾಡುವ ಶಕ್ತಿ ಇವತ್ತಿಲ್ಲ. ಹಿಂದಿನವರಿಗೆ ಕೇಳಿಸುತ್ತಿದೆಯೇ? — ಸರಿ.

ನಾನು ಶ್ರುತಿಯಣ್ಣನ ಪಕ್ಕದ ಬೆಂಚಿನವನು. ವಾದ್ಯಗಳ ಅಂಗಡಿಯ ಹಿಂಬದಿಯ ರಿಪೇರಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಅವರ ಜೊತೆ ಕುಳಿತವನು. ಕೋಣೆ ಎಂದರೆ ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಇರುವುದೊಂದೇ ಕಿಟಕಿ, ಅದನ್ನು ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅವರು ಕುರ್ಚಿ ಹಿಂದಕ್ಕೆ ಸರಿಸಬೇಕಾದರೆ ನಾನು ಎದ್ದು ನಿಲ್ಲಬೇಕು. ಹಾಗೆ ಕಳೆದೆವು.

ಯಾರಾದರೂ ಗಿಟಾರ್ ತಂದರೆ ಅಣ್ಣ ಮೊದಲು ಕುರ್ಚಿ ಕೊಡುತ್ತಿದ್ದದ್ದು ಗಿಟಾರಿಗೆ — ಹೀಗೆ, ಮಗುವನ್ನು ಕೂರಿಸಿದ ಹಾಗೆ. ತಂದವರು ನಿಂತೇ ಇರಬೇಕು. ಆರೂ ತಂತಿಗಳನ್ನು ಶ್ರುತಿ ಮಾಡಿದ ಮೇಲೆಯೇ "ಈಗ ಹೇಳಿ, ಏನಾಗಿದೆ ಇದಕ್ಕೆ?" ಎಂದು ಕೇಳುವುದು. ಅದಕ್ಕೇ ಶ್ರುತಿಯಣ್ಣ ಎಂಬ ಹೆಸರು ಬಿತ್ತು. ಆಮೇಲೆ ಅಂಗಡಿಯವರಿಗೂ ಅವರ ನಿಜವಾದ ಹೆಸರು ಮರೆತುಹೋಯಿತು. ಸಂಬಳದ ಚೀಟಿ ನೋಡಿ "ಇದು ಯಾರದು?" ಎಂದು ಅಣ್ಣನೇ ಕೇಳಿದ್ದುಂಟು.

ನಾಲ್ಕು ವರ್ಷದ ಹಿಂದೆ ಅಂಗಡಿಗೆ ಮೂವತ್ತು ತುಂಬಿತು. ಯಜಮಾನರು ಒಂದು ಸಣ್ಣ ಸಭೆ ಇಟ್ಟುಕೊಂಡರು. ನಾಲ್ವರು ವಾದಕರನ್ನು ಕರೆದು, ಇಷ್ಟು ವರ್ಷ ನುಡಿಸಿದ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ನಿಮಗೆ ಯಾವುದು ಬಹಳ ಇಷ್ಟ, ಯಾಕೆ, ತಂದು ತೋರಿಸಿ ಎಂದರು. ನಿಮ್ಮಲ್ಲಿ ಅನೇಕರು ಅವತ್ತು ಇದ್ದಿರಿ.

ಆರ್ಕೆಸ್ಟ್ರಾದವರು ಕೆಂಪು ಗಿಟಾರ್ ತಂದಿದ್ದರು. "ಇದು ಹಗುರ. ಮೂರು ಗಂಟೆ ನಿಂತು ನುಡಿಸ್ತೀನಿ. ಇದನ್ನ ಆರಿಸಿದ್ದು ನಾನಲ್ಲ, ನನ್ನ ಬೆನ್ನು" ಎಂದರು. ಬ್ಯಾಂಕಿನ ಮೇಡಂ ತಂದದ್ದು ಸಪೂರ ಕತ್ತಿನದು. ಅವರ ಬೆರಳು ಚಿಕ್ಕವು. "ಹದಿನೈದು ವರ್ಷ ಯಾರದೋ ದೊಡ್ಡ ಕೈಗೆ ಮಾಡಿದ ಗಿಟಾರಲ್ಲಿ ಒದ್ದಾಡಿದೆ. ನಂಗೇ ನುಡಿಸೋಕೆ ಬರಲ್ಲ ಅಂದ್ಕೊಂಡಿದ್ದೆ. ಇದು ಕೈಗೆ ಬಂದ ದಿನ ಕೂತು ಅತ್ತುಬಿಟ್ಟೆ" ಎಂದರು. ಹಲ್ಲಿನ ಡಾಕ್ಟರು ಎಲ್ಲರಿಗಿಂತ ದುಬಾರಿಯದನ್ನು ತಂದು ಅದರ ಮರದ ಜಾತಿಯ ಬಗ್ಗೆ ಅರ್ಧ ಗಂಟೆ ಮಾತನಾಡಿದರು. ನುಡಿಸಲು ಹೊತ್ತು ಉಳಿಯಲಿಲ್ಲ. ಡಾಕ್ಟರೇ, ನಗುತ್ತಿದ್ದೀರಿ — ನಗಿ, ಪರವಾಗಿಲ್ಲ.

ನಾಲ್ಕನೆಯವರು ಅಣ್ಣ. ಗೋಡೆಯ ಮೇಲೆ ಐವತ್ತು ಗಿಟಾರುಗಳಿದ್ದವು. ಅವರು ಎದ್ದುಹೋಗಿ ರಿಪೇರಿ ಕೋಣೆಯಿಂದ ಒಂದು ಕಪ್ಪು ಗಿಟಾರ್ ತಂದರು. ಅದರ ಕತ್ತಿನ ಮೇಲ್ತುದಿಯಲ್ಲಿ, ತಂತಿ ಬಿಗಿಯುವ ಬಿರಡೆಗಳ ಕೆಳಗೆ, ಅಡ್ಡಲಾಗಿ ಒಂದು ಗೆರೆ. ಮುರಿದು ಅಂಟಿಸಿದ ಗೆರೆ. ದೂರಕ್ಕೂ ಕಾಣುತ್ತದೆ. ಯಾಕೆ ಅದೇ ಎಂದು ಯಜಮಾನರು ಕೇಳಿದರು. ಅಣ್ಣ ಹೇಳಿದ್ದು ಇಷ್ಟೇ — "ಹೊಸದನ್ನ ಹಿಡಿದ್ರೆ ಎಲ್ಲಿ ಗೀರು ಬೀಳುತ್ತೋ ಅಂತ ಕೈ ಹೆದರುತ್ತೆ. ಇದು ಒಂದ್ಸಲ ಮುರಿದಾಯ್ತು. ಇನ್ನು ಹೆದರಿಕೆ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ. ಆ ಮಾತು ನನ್ನನ್ನು ಕುರಿತದ್ದು ಎಂದುಕೊಂಡೆ. ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ.

ಯಾಕೆ ಎಂದು ಹೇಳುತ್ತೇನೆ. ಅದನ್ನು ಹೇಳಲಿಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ಆ ಗಿಟಾರ್ ಟೀಚರಮ್ಮನವರ ತಮ್ಮನದು. ಹನ್ನೊಂದು ವರ್ಷದ ಹಿಂದೆ, ಆ ತಮ್ಮ ತೀರಿಹೋಗಿ ತಿಂಗಳಾಗಿತ್ತು, ಅವರು ಅದನ್ನು ನಮ್ಮಲ್ಲಿಗೆ ತಂದರು. ಮುರಿದಿರಲಿಲ್ಲ. ತಂತಿ ಬದಲಿಸಬೇಕಿತ್ತು, ಅಷ್ಟೇ. "ಮನೇಲಿ ಇಡ್ತೀನಿ. ಅವನು ಇಟ್ಟ ಹಾಗೇ ಇರಲಿ" ಎಂದರು. ಒಂದು ವಾರಕ್ಕೆ ಬರುತ್ತೇನೆ ಎಂದು ಹೋದರು.

ಎರಡು ದಿನ ಬಿಟ್ಟು ಅದು ಬಿತ್ತು. ಕತ್ತು ಮುರಿಯಿತು. ಟೀಚರಮ್ಮ ಬಂದಾಗ ಅಣ್ಣ ಎದುರು ನಿಂತು, "ನನ್ನ ಕೈ ಜಾರಿತು, ತಾಯಿ" ಎಂದರು. ಯಜಮಾನರಿಗೂ ಅದನ್ನೇ ಹೇಳಿದರು.

ಅವರ ಕೈ ಜಾರಲಿಲ್ಲ. ಅವರ ಕೈ ಜಾರುವ ಕೈಯಲ್ಲ, ನಿಮಗೆಲ್ಲ ಗೊತ್ತು. ಬೀಳಿಸಿದವನು ನಾನು. ಅವತ್ತು ಮಧ್ಯಾಹ್ನ — ನಾನು ಕುಡಿದಿದ್ದೆ.

ಒಂದು ನಿಮಿಷ. ನೀರು ಕುಡಿಯುತ್ತೇನೆ.

ಆ ಕಾಲದಲ್ಲಿ ನಾನು ದಿನವೂ ಊಟದ ಹೊತ್ತಿಗೆ ಹೊರಗೆ ಹೋಗಿ ಕುಡಿದು ಬರುತ್ತಿದ್ದೆ. ಯಜಮಾನರು ಎರಡು ಬಾರಿ ಎಚ್ಚರಿಸಿದ್ದರು. ಇನ್ನೊಂದು ಸಲ ಆದರೆ ಕೆಲಸ ಬಿಟ್ಟು ಮನೆಗೆ ಹೋಗು ಎಂದಿದ್ದರು. ಅಣ್ಣನಿಗೆ ಅದು ಗೊತ್ತಿತ್ತು. ನೆಲದ ಮೇಲೆ ಬಿದ್ದ ಗಿಟಾರನ್ನು ನೋಡಿದರು, ನನ್ನನ್ನು ನೋಡಿದರು. "ನೀನು ಮುಖ ತೊಳ್ಕೊಂಡು ಬಾ ಹೋಗು" ಎಂದರು. ನಾನು ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಯಜಮಾನರ ಕೋಣೆಗೆ ಹೋಗಿ ಒಪ್ಪಿಕೊಂಡು ಬಂದಿದ್ದರು. ನಾನು ಬಾಯಿ ಬಿಡಲಿಲ್ಲ. ಅವತ್ತೂ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ.

ಅಣ್ಣ ಮೂರು ವಾರ ಕುಳಿತು ಅದನ್ನು ಸರಿಮಾಡಿದರು. ಸೀಳಿನೊಳಗೆ ಅಂಟು ಇಳಿಸಿ, ಬಿಗಿದು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ. ಟೀಚರಮ್ಮ ಬಂದು ಆ ಗೆರೆಯ ಮೇಲೆ ಬೆರಳಿಟ್ಟು ನೋಡಿದರು. ಬೈಯಲಿಲ್ಲ. "ಇದು ನಮ್ಮ ತಮ್ಮನ ಗಿಟಾರ್ ಅಲ್ಲ ಬಿಡಿ. ನೀವೇ ಇಟ್ಕೊಳ್ಳಿ" ಎಂದು ಬರಿಗೈಯಲ್ಲಿ ಹೋದರು.

ಆ ವರ್ಷ ರಿಪೇರಿ ಕೋಣೆಗೆ ಒಬ್ಬ ಮುಖ್ಯಸ್ಥ ಬೇಕಿತ್ತು. ಅದು ಅಣ್ಣನ ಜಾಗ, ಅದರಲ್ಲಿ ಎರಡು ಮಾತಿರಲಿಲ್ಲ. ಗಿರಾಕಿಯ ಗಿಟಾರ್ ಮುರಿದವನಿಗೆ ಹೇಗೆ ಕೊಡುವುದು ಎಂದು, ಆ ಕೋಣೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ, ಯಜಮಾನರು ನನಗೆ ಕೊಟ್ಟರು. ನಾನು ತೆಗೆದುಕೊಂಡೆ. ಅವರ ಕೈ ಕೆಳಗಿದ್ದವನು ಅವರಿಗೆ ಮೇಲಿನವನಾದೆ. ಬೆಳಗ್ಗೆ ಬಂದು ಇವತ್ತು ಯಾವ ಕೆಲಸ ಮೊದಲು ಎಂದು ಅಣ್ಣ ನನ್ನನ್ನು ಕೇಳಬೇಕಾಯಿತು. ಕೇಳಿದರು ಕೂಡ. ಒಂದು ದಿನವೂ ಮುಖ ಗಂಟು ಹಾಕಲಿಲ್ಲ.

ನನಗೆ ಬುದ್ಧಿ ಹೇಳಿದರೇ ಎಂದು ನೀವು ಕೇಳಬಹುದು. ಇಲ್ಲ. ಊಟದ ಹೊತ್ತಿಗೆ ನಾನು ಎದ್ದರೆ ಅವರೂ ಎದ್ದು ಜೊತೆಗೆ ರಸ್ತೆಗೆ ಇಳಿಯುತ್ತಿದ್ದರು. ಎರಡು ವರ್ಷ, ಒಂದು ದಿನ ತಪ್ಪದೆ. ಸುಮ್ಮನೆ ನಡೆಯುವುದು. ನಾನು ಕುಡಿಯುತ್ತಿದ್ದ ಬ್ರಾಂಡಿ ಅಂಗಡಿ ಬಂದಾಗ ಮಾತ್ರ ಈ ಕಡೆಯಿಂದ ಆ ಕಡೆಗೆ ಬರುತ್ತಿದ್ದರು — ನನಗೂ ಅದರ ಬಾಗಿಲಿಗೂ ನಡುವೆ ತಾವು. ಆಮೇಲೆ ಮತ್ತೆ ಈ ಕಡೆಗೆ. ನನ್ನ ಕುಡಿತ ಬಿಟ್ಟದ್ದು ಹಾಗೆ. ಯಾವಾಗ ಬಿಟ್ಟಿತು ಎಂದು ನನಗೂ ಸರಿಯಾಗಿ ಗೊತ್ತಿಲ್ಲ.

ಆದರೂ ಅವರು ಆ ಕಪ್ಪು ಗಿಟಾರನ್ನು ಕೈಗೆ ತೆಗೆದುಕೊಂಡಾಗಲೆಲ್ಲ ನನ್ನ ಕಣ್ಣು ಆ ಗೆರೆಗೇ ಹೋಗುತ್ತಿತ್ತು. ದಿನವೂ ಸಂಜೆ ಅಂಗಡಿ ಮುಚ್ಚುವ ಮೊದಲು ಹತ್ತು ನಿಮಿಷ ನುಡಿಸುವರು. ನನ್ನನ್ನು ಚುಚ್ಚಲಿಕ್ಕೇ ನುಡಿಸುತ್ತಾರೆ ಎಂದುಕೊಂಡೆ. ಸಭೆಯಲ್ಲಿ ಅದನ್ನು ಆರಿಸಿದಾಗಲಂತೂ ಖಾತ್ರಿಯಾಯಿತು. ಒಬ್ಬ ಮನುಷ್ಯ ನಮಗೆ ಅಷ್ಟು ಒಳ್ಳೆಯದು ಮಾಡಿದರೆ ಅವನ ಮೇಲೆ ಸಿಟ್ಟು ಬರುತ್ತದೆ. ನನಗೆ ಬಂತು. ಆ ಸಿಟ್ಟನ್ನು ಹೊತ್ತು ಹೊತ್ತು ಸಾಕಾಗಿಹೋಗಿತ್ತು.

ಹೋದ ತಿಂಗಳು ಅವರ ಮನೆಗೆ ಹೋದೆ. ಹೃದಯ ಬಲ ಕಳೆದುಕೊಂಡಿತ್ತು, ಕಾಲು ಬಾತಿತ್ತು, ಮೂರು ದಿಂಬಿಗೆ ಒರಗಿ ಕುಳಿತಿದ್ದರು. ಅತ್ತಿಗೆ ಮಾತ್ರೆಗಳನ್ನು ಬಿಡಿಸಿ ಲೋಟದ ಪಕ್ಕ ಇಡುತ್ತಿದ್ದರು. ನಾನು ತಡೆಯಲಾರದೆ ಕೇಳಿಬಿಟ್ಟೆ — "ಅಣ್ಣಾ, ನನ್ನನ್ನ ಚುಚ್ಚೋಕೆ ತಾನೆ ನೀವು ಆ ಗಿಟಾರ್ ಆರಿಸಿದ್ದು?"

ಅವರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ಅತ್ತಿಗೆ ಬೆನ್ನು ನೀವಿದರು. "ನಿನ್ನನ್ನ ಚುಚ್ಚೋಕೆ ನಾಲ್ಕು ಕೇಜಿ ಮರ ಹನ್ನೊಂದು ವರ್ಷ ಹೊರಬೇಕಾಗಿತ್ತೇನೋ? ಬಾಯಲ್ಲೇ ಬೈತಿದ್ದೆ" ಎಂದರು. ಆಮೇಲೆ — "ಅದರ ಮೂರನೇ ತಂತಿ ಕೇಳಿದ್ದೀಯಾ ನೀನು ಯಾವತ್ತಾದರೂ?"

ನಾನು ಕೇಳಿರಲಿಲ್ಲ. ದಿನವೂ ಪಕ್ಕದಲ್ಲೇ ಇದ್ದೆ, ಆ ಗೆರೆಯನ್ನು ಮಾತ್ರ ನೋಡುತ್ತಿದ್ದೆ.

ಹಾಸಿಗೆ ಹಿಡಿದ ಮೇಲೆ ಅಣ್ಣ ಆ ಗಿಟಾರನ್ನು ಮನೆಗೆ ತರಿಸಿಕೊಂಡಿದ್ದರು. ಅತ್ತಿಗೆ ಅದನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಸಣ್ಣ ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿದೆ. ಮೂರನೇ ತಂತಿಯಲ್ಲಿ ಒಂದೇ ಸ್ವರ ಮೀಟಿದೆ. ಅದು ಮೊಳಗುತ್ತಲೇ ಇತ್ತು ನೋಡಿ — ತೆಳ್ಳಗಾಗದೆ, ನಡುಗದೆ, ಬಹಳ ಹೊತ್ತು. ಅಣ್ಣ ಕಣ್ಣು ಮುಚ್ಚಿಕೊಂಡಿದ್ದರು. "ಕೇಳಿತಾ? ಗಿಟಾರ್ ಚೆನ್ನಾಗಿದೆ ಕಣೋ. ಚೆನ್ನಾಗಿದೆ ಅಂತ ಇಟ್ಕೊಂಡೆ. ಇನ್ನೇನಿಲ್ಲ."

ಯಜಮಾನರಿಗೆ ಹೇಳಿಬಿಡುತ್ತೇನೆ ಎಂದೆ. "ಈಗ ಬೇಡ. ಆ ಗಲಾಟೆ ನೋಡೋ ಶಕ್ತಿ ನನಗಿಲ್ಲ. ಆಮೇಲೆ ನಿನಗೆ ಬೇಕನ್ನಿಸಿದ್ರೆ ಹೇಳ್ಕೋ" ಎಂದರು. ಹೇಳಲೇಬೇಕು ಎನ್ನಲಿಲ್ಲ. ಬೇಕನ್ನಿಸಿದರೆ ಎಂದರು.

ಯಜಮಾನರೇ, ಬೇಕನ್ನಿಸಿತು. ನಾಳೆ ಬೆಳಗ್ಗೆ ರಿಪೇರಿ ಕೋಣೆಯ ಬೀಗದ ಕೈ ತಂದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ನೀವು ಹೇಗೆ ಹೇಳಿದರೆ ಹಾಗೆ.

ಟೀಚರಮ್ಮ, ನಿಮ್ಮ ತಮ್ಮನ ಗಿಟಾರನ್ನು ಮುರಿದವನು ನಾನು. ಹನ್ನೊಂದು ವರ್ಷ ನೀವು ತಪ್ಪು ಮಾಡದ ಮನುಷ್ಯನನ್ನು ಕ್ಷಮಿಸಿಕೊಂಡು ಬಂದಿರಿ. ಗಿಟಾರ್ ಅತ್ತಿಗೆಯ ಹತ್ತಿರ ಇದೆ. ನೀವು ಒಂದು ಸಲ ಬಂದು ಕೇಳಿ ಎಂದು ಅವರು ಹೇಳಿಕಳಿಸಿದ್ದಾರೆ. ನೋಡಬೇಕಾಗಿಲ್ಲ, ಕೇಳಿದರೆ ಸಾಕು. ಬೇಡ ಎಂದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಅಣ್ಣನ ಬಗ್ಗೆ ಇನ್ನೂ ಹೇಳುವವರಿದ್ದಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ. ನನ್ನಲ್ಲಿದ್ದದ್ದು ಇಷ್ಟೇ, ಮುಗಿಯಿತು.

ಈಗ ದಯವಿಟ್ಟು ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಲ್ಲೋಣ. ಮಂಡಿ ನೋವಿರುವವರು ಕುಳಿತೇ ಇರಿ. ಅಣ್ಣ ಅದಕ್ಕೆಲ್ಲ ಬೇಸರ ಮಾಡಿಕೊಳ್ಳುವವರಲ್ಲ. ಅತ್ತಿಗೆ, ನೀವು ಏಳಬೇಡಿ. ಎಷ್ಟೋ ದಿನದಿಂದ ನಿಂತೇ ಇದ್ದೀರಿ. ಈ ಎರಡು ನಿಮಿಷ ನೀವು ಕೂತಿರಿ, ನಾವು ನಿಲ್ಲುತ್ತೇವೆ.