ಕೊನೇ ಕಂತು ನಾನು ನೋಡಲಿಲ್ಲ, ಭಾವ

ಹಲೋ... ಹಾಂ, ಯಾರು ಮಾತಾಡ್ತಿರೋದು?... ಸ್ವಲ್ಪ ಜೋರಾಗಿ ಹೇಳಿ, ಲೈನ್‌ನಲ್ಲಿ ಗರಗರ ಅಂತಿದೆ... ಯಾರು, ಸದಾಶಿವ ಭಾವನಾ? ಬರೋಡದಿಂದಲೇನಾ?...

ಹಾಂ, ನಾನೇ, ರುಕ್ಮಿಣಿ. ಈಗ ತಾನೇ ಹೊರಗಿಂದ ಬಂದೆ, ಬೀಗ ತೆಗೀತಿದ್ದ ಹಾಗೇ ಫೋನ್ ಹೊಡ್ಕೊಳ್ತಿತ್ತು. ನೀವು ಹಗಲು ಹೊತ್ತಲ್ಲಿ ಎಸ್‌ಟಿಡಿ ಮಾಡೋರಲ್ಲವಲ್ಲ. ಅಕ್ಕ ಚೆನ್ನಾಗಿದ್ದಾರೆ ತಾನೇ?... ಮತ್ತೇನು?...

ಓ. ಇವರು ಬ್ಯಾಂಕಿಂದ ನಿಮಗೆ ಫೋನ್ ಮಾಡಿದ್ರಾ... ಏನಂದ್ರು?... ಅಷ್ಟೇನಾ? ಊಟಕ್ಕೆ ಕರೆದೋರ ಮುಂದೆ ರುಕ್ಮಿಣಿ ಟಿ.ವಿ. ಆರಿಸಿ ಎಲ್ಲರನ್ನೂ ಎಬ್ಬಿಸಿ ಕಳಿಸಿದಳು, ಅಷ್ಟೇ ಹೇಳಿದ್ದಾ?... ಯಾಕೆ ಆರಿಸಿದಳು ಅಂತ ನೀವು ಕೇಳಲಿಲ್ವಾ?...

ಸೀರಿಯಲ್ ನೋಡಿ ನೋಡಿ ನನಗೆ ತಲೆ ಕೆಟ್ಟಿದೆ. ಹಾಗಂದ್ರು, ಅಲ್ವಾ... ಇಲ್ಲ ಭಾವ, ನಗ್ತಾ ಇಲ್ಲ. ನಾನು ನಕ್ಕು ಎಷ್ಟು ಹೊತ್ತಾಯ್ತೋ ನನಗೇ ಗೊತ್ತಿಲ್ಲ. ನಿಮಗೆ ಟೈಮ್ ಇದ್ರೆ ನಾನು ಹೇಳ್ತೀನಿ, ಕೇಳ್ತೀರಾ? ಬಿಲ್ ಏರುತ್ತೆ ಅಂದ್ರೆ ಹೇಳಿ, ನಾನೇ ತಿರುಗಿ ಮಾಡ್ತೀನಿ... ಸರಿ.

ಆ ಆಫೀಸಿನ ಸೀರಿಯಲ್, ನೀವೂ ಅಕ್ಕನೂ ಪ್ರತಿ ವಾರ ನೋಡ್ತಿದ್ರಲ್ಲ. ಇಲ್ಲೂ ಅದೇ ಕಥೆ. ನಮ್ಮ ಹೌಸಿಂಗ್ ಸೊಸೈಟೀಲಿ ಕೇಬಲ್ ಚೆನ್ನಾಗಿ ಬರುತ್ತೆ ಅಂತ ಸ್ಯಾಟಲೈಟ್ ಬಡಾವಣೆ ಕಡೆ ಇರೋ ನಮ್ಮ ಕನ್ನಡದೋರು ಒಂದಷ್ಟು ಜನ ನಮ್ಮನೇಗೇ ಬರೋರು. ಇನ್ಶೂರೆನ್ಸ್‌ನ ನಂಜುಂಡ ಅವರು, ಅವರ ಹೆಂಡತಿ. ಇವರ ಕೈಕೆಳಗೆ ಕೆಲಸ ಮಾಡೋ ಸತ್ಯಪ್ರಕಾಶ. ಆ ಸೀರಿಯಲ್‌ನಲ್ಲಿ ಸಾಹೇಬ ಸ್ಟೆನೋ ಹುಡುಗೀನ ಕ್ಯಾಬಿನ್‌ಗೆ ಕರೆಸ್ಕೊಂಡು ಪೀಡಿಸ್ತಿದ್ದಷ್ಟು ವಾರ ಎಲ್ಲರಿಗೂ ಅಯ್ಯೋ ಪಾಪ. ಅವಳು ಕಂಪ್ಲೇಂಟ್ ಕೊಟ್ಟಳು ನೋಡಿ, ಆ ವಾರದಿಂದ ಎಲ್ಲರಿಗೂ ಅವಳ ಮೇಲೇ ಸಿಟ್ಟು. ಮೊದಲೇ ಕೆಲಸ ಬಿಡಬೇಕಿತ್ತು ಅಂತ ನಂಜುಂಡ ಅವರು. ಅಷ್ಟು ಲಿಪ್‌ಸ್ಟಿಕ್ ಯಾಕೆ ಹಚ್ಕೋಬೇಕಿತ್ತು ಅಂತ ಅವರ ಹೆಂಡತಿ. ಸತ್ಯಪ್ರಕಾಶ ಅಂತೂ ನಗೋಕೆ ಮುಂಚೆ ಒಂದು ಸಲ ಇವರ ಮುಖ ನೋಡೋನು. ಇವರು ನಕ್ಕರೆ ಅವನೂ ನಗೋನು...

ನೀವೂ ಹಾಗೇ ಅಂದ್ಕೊಂಡ್ರಾ?... ಹಾಂ. ಇರಲಿ.

ನಿನ್ನೆ ಕೊನೇ ಕಂತು ಅಂತ ಎಲ್ಲರನ್ನೂ ಊಟಕ್ಕೇ ಇರಿ ಅಂದಿದ್ದೆ. ಪುಳಿಯೋಗರೆ, ಮೊಸರುವಡೆ ಮಾಡಿದ್ದೆ, ಕೆಳಗಿನ ಅಂಗಡಿಯಿಂದ ಒಂದಿಷ್ಟು ಕಡ್ಲೇಹಿಟ್ಟಿನ ಖಮಣ್ ತರಿಸಿದ್ದೆ. ಸ್ವಾತೀನೂ ಅವರಮ್ಮನೂ ಬಂದಿದ್ರು... ಇಲ್ಲ, ನೀವು ನೋಡಿಲ್ಲ. ನವರಂಗಪುರದಲ್ಲಿದ್ದಾರೆ. ಅವಳ ತಂದೆ ಇವರ ಬ್ಯಾಂಕಲ್ಲೇ ಇದ್ದೋರು, ಹೋದ ವರ್ಷ ತೀರ್ಕೊಂಡ್ರು. ಆ ಕೆಲಸ ಹುಡುಗಿಗೆ ಕೊಟ್ಟಿದ್ದಾರೆ. ಇನ್ನೂ ಪ್ರೊಬೇಷನ್. ಕೆಲಸ ಖಾಯಂ ಆಗಬೇಕು ಅಂದ್ರೆ ಮ್ಯಾನೇಜರ್ ಬರೆದುಕೊಡಬೇಕು. ಮ್ಯಾನೇಜರ್ ಯಾರು ಅಂತ ನಿಮಗೆ ಗೊತ್ತಲ್ಲ...

ಹಾಂ, ನಿಮ್ಮ ತಮ್ಮನೇ.

ಕೇಳಿ ಭಾವ, ಮಧ್ಯೆ ಮಾತಾಡಬೇಡಿ. ಆ ಸೀರಿಯಲ್‌ನಲ್ಲಿ ವಿಚಾರಣೆ ನಡೀತಿತ್ತಲ್ಲ, ಒಬ್ಬೊಬ್ಬರೇ ಬಂದು ನಾವೇನೂ ನೋಡಿಲ್ಲ ಅಂತ ಹೇಳಿ ಹೋಗ್ತಿದ್ರಲ್ಲ, ಆಮೇಲೆ ಜಾಹೀರಾತು ಬಂತು. ಇವರು ತಟ್ಟೆ ಹಿಡ್ಕೊಂಡೇ ಸ್ವಾತಿ ಕಡೆ ತಿರುಗಿ, ನೋಡಿದ್ಯಾ ಸ್ವಾತಿ, ಕಂಪ್ಲೇಂಟ್ ಕೊಟ್ಟೋರ ಗತಿ ಏನಾಗುತ್ತೆ ಅಂತ, ಅಂದ್ರು. ಎಲ್ಲರೂ ನಕ್ಕರು. ಸತ್ಯಪ್ರಕಾಶ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಮೊಸರುವಡೆ ಬಡಿಸ್ತಿದ್ದೆ. ತಮಾಷೆ ಅಂದ್ಕೊಂಡೆ...

ತಮಾಷೆ ಅಲ್ಲ ಭಾವ. ಆ ಹುಡುಗಿ ತಟ್ಟೇನ ಕುರ್ಚಿ ಕೆಳಗಿಟ್ಟಳು. ಮೆತ್ತಗೇ ಹೇಳಿದಳು, ದನಿ ಏರಿಸಲೇ ಇಲ್ಲ. "ಸರ್, ಈ ಮಾತು ನೀವು ಕ್ಯಾಬಿನ್‌ನಲ್ಲೂ ಹೇಳಿದ್ರಿ. ಇವತ್ತು ಎಲ್ಲರ ಮುಂದೆ ಹೇಳಿದ್ದು ಒಳ್ಳೇದಾಯ್ತು."...

ಹಾಂ. ಹಾಗೇ ಅಂದಳು...

ಯಾರೇನಂದ್ರು ಅಂತೀರಾ? ನಂಜುಂಡ ಅವರು ರಿಮೋಟ್ ತಗೊಂಡು ಸೌಂಡ್ ಜಾಸ್ತಿ ಮಾಡಿದ್ರು. ಯಾವುದೋ ಸೋಪಿನ ಜಾಹೀರಾತು, ಅದಕ್ಕೆ. ಅವರ ಹೆಂಡತಿ ನನ್ನ ಕಡೆ ನೋಡಿ, ಉಪ್ಪಿನಕಾಯಿ ಇದ್ರೆ ಸ್ವಲ್ಪ ಹಾಕಿ ಅಂದ್ರು. ಸತ್ಯಪ್ರಕಾಶನಿಗೆ ಇದ್ದಕ್ಕಿದ್ದ ಹಾಗೆ ತಟ್ಟೇಲಿ ಕಡ್ಲೇಬೀಜ ಹುಡುಕೋ ಕೆಲಸ ಬಂತು. ಅವನು ಅದೇ ಬ್ರಾಂಚಲ್ಲಿ, ಆ ಹುಡುಗಿಯಿಂದ ಎರಡು ಮೇಜು ಆಚೆ ಕೂತ್ಕೊಳ್ಳೋನು, ಭಾವ...

ಇವರಾ? ಇವರು ಕೂತೇ ಇದ್ರು. ಊಟ ಮುಂದುವರೆಸಿದ್ರು.

ಆಮೇಲೆ ಅವಳಮ್ಮ. ಲಕ್ಷ್ಮಿ ಅಂತ, ಬಡಪಾಯಿ ಹೆಂಗಸು. ಎದ್ದು ಬಂದು ಎಲ್ಲರ ಮುಂದೆ ಇವರ ಕಾಲು ಮುಟ್ಟಿಬಿಟ್ಟರು. ಮಗು ತಿಳೀದೆ ಮಾತಾಡ್ತು, ನೀವು ತಂದೆ ಸಮಾನ, ಕೆಲಸಕ್ಕೆ ಮಾತ್ರ ಏನೂ ಮಾಡಬೇಡಿ ಅಂತ. ಅವರ ಬೆರಳಿಗೆ ಇನ್ನೂ ಪುಳಿಯೋಗರೆ ಅಂಟಿತ್ತು. ಇವರು ಕಾಲು ಹಿಂದೆ ಎಳ್ಕೋಬೇಕಿತ್ತಲ್ವಾ? ಎಳ್ಕೊಳ್ಳಲಿಲ್ಲ. ಹಾಗೇ ಇಟ್ಕೊಂಡು, "ಇರಲಿ ಬಿಡಿ, ನಾನು ದೊಡ್ಡ ಮನಸ್ಸು ಮಾಡ್ತೀನಿ" ಅಂದ್ರು...

ದೊಡ್ಡ ಮನಸ್ಸು, ಭಾವ. ಆವಾಗ ನಾನು ಹೋಗಿ ಟಿ.ವಿ. ಸ್ವಿಚ್ ಆರಿಸಿದೆ. ಎಲ್ಲರೂ ಹೊರಡಿ ಅಂದೆ. ನಂಜುಂಡ ಅವರ ಹೆಂಡತಿ ಬಾಗಿಲ ಹತ್ರ ಚಪ್ಪಲಿ ಹಾಕ್ಕೊಳ್ತಾ, ಕೊನೆ ಏನಾಯ್ತೋ ಗೊತ್ತಾಗಲೇ ಇಲ್ಲವಲ್ಲ ಅಂದ್ರು. ಸೀರಿಯಲ್‌ದು...

ನೀವು ನೋಡಿದ್ರಾ? ಏನಾಯ್ತು?... ಹೆಂಡತಿ ಅವನ ಜೊತೆ ನಿಂತಳಾ... ನನ್ನ ಗಂಡ ದೇವರಂಥೋನು ಅಂತ ಕೋಣೆ ತುಂಬಾ ಜನರ ಮುಂದೆ ಹೇಳಿದಳಾ... ಆ ಹುಡುಗಿ?... ಊರು ಬಿಟ್ಟಳಾ. ಚೆನ್ನಾಗಿ ಮುಗಿಸಿದ್ರು ಅನ್ನಿಸ್ತಾ ನಿಮಗೆ?... ಸಂಸಾರ ಉಳೀತು. ಹಾಂ. ನನಗೆ ಇದನ್ನ ಹೇಳೋಕೇ ಫೋನ್ ಮಾಡಿದ್ರಾ ಭಾವ?...

ಬೇಜಾರು ಮಾಡ್ಕೋಬೇಡಿ. ನೀವು ದೊಡ್ಡೋರು, ಮದುವೆಯಾಗಿ ಬಂದಾಗಿಂದ ನಿಮ್ಮ ಮುಂದೆ ನಿಂತು ಮಾತಾಡಿದೋಳಲ್ಲ ನಾನು. ಇವತ್ತು ಮಾತಾಡ್ತೀನಿ.

ಅವರಿಬ್ಬರನ್ನೂ ಆಟೋದಲ್ಲಿ ಮನೇಗೆ ಬಿಡೋಕೆ ನಾನೇ ಹೋದೆ. ಅವಳಮ್ಮ ದಾರಿಯುದ್ದಕ್ಕೂ ಮಗಳನ್ನ ಬೈತಾ ಇದ್ರು. ಲಾ ಗಾರ್ಡನ್ ಹತ್ರ ಬಂದಾಗ ಸ್ವಾತಿ ಹೇಳಿದಳು. ಬ್ಯಾಂಕಲ್ಲಿ ಎಲ್ಲರೂ ಮನೇಗೆ ಹೋದ ಮೇಲೆ ಇವರು ಅವಳನ್ನ ಕೂರಿಸ್ಕೊಳ್ಳೋದು. ಕಾಗದ ತೋರಿಸೋ ನೆಪದಲ್ಲಿ ಹಿಂದೆ ಬಂದು ನಿಲ್ಲೋದು, ಭುಜದ ಮೇಲೆ ಕೈ ಇಡೋದು. ಕೈ ತೆಗೀರಿ ಸರ್ ಅಂದ್ರೆ, ನಿನ್ನ ಫೈಲ್ ನನ್ನ ಮೇಜಿನ ಮೇಲೇ ಇದೆ ಅನ್ನೋದು. ಉಳಿದಿದ್ದನ್ನ ನಾನು ನಿಮಗೆ ಹೇಳಲ್ಲ. ಅವಳು ಅವರಮ್ಮನ ಎದುರಿಗೆ ಹೇಳಿದಳು, ಅಷ್ಟೇ ಸಾಕು. ಆ ತಾಯಿ ಸೆರಗು ಬಾಯಿಗೆ ತುರುಕ್ಕೊಂಡು ಕೂತಿದ್ರು...

ಹುಡುಗಿ ಸುಳ್ಳು ಹೇಳಿರಬಹುದು ಅಂತೀರಾ... ಯಾಕೆ ಹೇಳ್ತಾಳೆ? ಏನು ಸಿಗುತ್ತೆ ಅವಳಿಗೆ?... ಸರಿ, ಅವಳ ಮಾತು ಬಿಡಿ. ನಾನು ನೋಡಿದ್ದು ಹೇಳಲಾ?

ದಸರಾಗೆ ಮುಂಚೆ ಒಂದು ಶನಿವಾರ. ಇವರು ಬಿ.ಪಿ. ಮಾತ್ರೆ ಮರೆತು ಹೋಗಿದ್ರು ಅಂತ ಕೊಡೋಕೆ ಬ್ಯಾಂಕಿಗೆ ಹೋದೆ. ಅರ್ಧ ದಿನ, ಶಟರ್ ಅರ್ಧ ಇಳಿಸಿತ್ತು, ಒಳಗೆ ಯಾರೂ ಇಲ್ಲ. ಕ್ಯಾಬಿನ್ ಬಾಗಿಲು ತಳ್ಳಿದ್ರೆ ಒಳಗಿಂದ ಬೋಲ್ಟ್. ತಟ್ಟಿದೆ. ತುಂಬ ಹೊತ್ತಾದ ಮೇಲೆ ತೆಗೆದ್ರು. ಸ್ವಾತಿ ನನ್ನ ಪಕ್ಕದಿಂದ ತಲೆ ತಗ್ಗಿಸ್ಕೊಂಡು ಓಡಿಹೋದಳು, ಚಪ್ಪಲಿ ಕೈಯಲ್ಲೇ ಇತ್ತು. ಆಡಿಟ್ ಕೆಲಸ ಅಂದ್ರು ಇವರು. ಆಡಿಟ್‌ಗೆ ಯಾರಾದ್ರೂ ಬಾಗಿಲಿಗೆ ಬೋಲ್ಟ್ ಹಾಕ್ಕೊಳ್ತಾರಾ ಭಾವ? ನೀವು ರೈಲ್ವೇಲಿ ಅಷ್ಟು ವರ್ಷ ಆಫೀಸರ್ ಆಗಿದ್ದೋರು, ನೀವೇ ಹೇಳಿ...

ರಾತ್ರಿ ನಾನು ವಾಪಸ್ ಬಂದಾಗ ಇವರು ನ್ಯೂಸ್ ನೋಡ್ತಾ ಮೊಸರನ್ನ ತಿಂತಿದ್ರು. ಎಲ್ಲರ ಮುಂದೆ ನನ್ನ ಮಾನ ತೆಗೆದೆ ಅಂದ್ರು. ನಾನು ಸ್ವಾತಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಇಲ್ಲ ಅನ್ನಲಿಲ್ಲ, ಭಾವ. ಒಂದು ಸಲ ಇಲ್ಲ ಅಂದಿದ್ರೆ ನಾನು ಪೆದ್ದಿ, ನಂಬಿಬಿಡ್ತಿದ್ದೆನೋ ಏನೋ. ಆಫೀಸಂದ ಮೇಲೆ ಇದೆಲ್ಲ ಇರುತ್ತೆ, ನಿನಗೆ ಅರ್ಥ ಆಗಲ್ಲ ಅಂದ್ರು. ಬೆಳಿಗ್ಗೆ ಎಂದಿನ ಹಾಗೇ ಶೇವ್ ಮಾಡ್ಕೊಂಡು, ಸೆಂಟ್ ಹಾಕ್ಕೊಂಡು, ಇಸ್ತ್ರಿ ಶರ್ಟ್ ಎಲ್ಲಿ ಅಂತ ಕೇಳಿದ್ರು. ಆ ಶರ್ಟ್ ನನ್ನ ಕೈಯಲ್ಲಿತ್ತು. ಮುಟ್ಟೋಕೇ ಅಸಹ್ಯ ಆಯ್ತು. ಕುರ್ಚಿ ಮೇಲೆ ಬಿಸಾಕಿ ಅಡುಗೆಮನೆಗೆ ಹೋದೆ...

ಏನು ಮಾಡಬೇಕು ಅಂತಿದ್ದೀನಿ ಅಂತಲಾ? ಮಾಡಾಯ್ತು...

ಹಾಂ, ಮಾಡಾಯ್ತು. ಅಲ್ಲಿಂದಲೇ ಬರ್ತಿದ್ದೀನಿ ಈಗ. ಸ್ವಾತೀನ ಕರ್ಕೊಂಡು ಇವರ ಝೋನಲ್ ಆಫೀಸಿಗೆ ಹೋಗಿದ್ದೆ. ಅವಳು ಕಂಪ್ಲೇಂಟ್ ಕೊಟ್ಟಳು. ನಾನು ನೋಡಿದ್ದನ್ನ ನಾನು ಬರೆದು ಸೈನ್ ಮಾಡಿ ಕೊಟ್ಟೆ. ಅಲ್ಲಿದ್ದ ಆಫೀಸರು ಗುಜರಾತಿನೋರು, ವಯಸ್ಸಾದೋರು. "ಬಹೆನ್, ನೀವು ಅವರ ಹೆಂಡತಿ ತಾನೇ?" ಅಂತ ಎರಡು ಸಲ ಕೇಳಿದ್ರು. ಎರಡು ಸಲಾನೂ ಹೌದು ಅಂದೆ. ಆಮೇಲೆ ಎದ್ದು ಹೋಗಿ ಅವರೇ ಇಬ್ಬರಿಗೂ ನೀರು ತಂದುಕೊಟ್ಟರು...

ಕೂಗಾಡಬೇಡಿ ಭಾವ, ಕೇಳಿಸ್ತಿದೆ... ಇಲ್ಲ, ವಾಪಸ್ ತಗೊಳ್ಳಲ್ಲ... ಸಸ್ಪೆಂಡ್ ಆದ್ರೆ ಆಗ್ಲಿ... ಜನ ಏನಂತಾರೆ ಅಂತಾನಾ? ಜನ ನಿನ್ನೆ ನಮ್ಮನೇಲೇ ಕೂತಿದ್ರು, ಉಪ್ಪಿನಕಾಯಿ ಕೇಳಿದ್ರು.

ಅಕ್ಷಯ್ ಮಾತು ಎತ್ತಬೇಡಿ. ನನ್ನ ಮಗ ನಿಮ್ಮನೇಲಿದ್ದು ಓದ್ತಿದ್ದಾನೆ, ನಿಮ್ಮ ಉಪಕಾರ ಮರೆತಿಲ್ಲ. ಇರೋದು ಬೇಡ ಅಂದ್ರೆ ಹಾಸ್ಟೆಲಿಗೆ ಹೋಗ್ತಾನೆ. ಬೆಳಿಗ್ಗೆ ನೀವು ವಾಕಿಂಗ್ ಹೋಗಿದ್ದಾಗ ಅವನಿಗೆ ಫೋನ್ ಮಾಡಿ ಹೇಳಿದ್ದೀನಿ... ಹೌದು, ಎಲ್ಲಾನೂ. ಅವನ ಅಪ್ಪನ ವಿಷಯ, ಬೇರೆಯೋರ ಬಾಯಿಂದ ಯಾಕೆ ಕೇಳಬೇಕು? ಎಲ್ಲ ಕೇಳಿಸ್ಕೊಂಡ. ಆಮೇಲೆ, "ಮಮ್ಮಿ, ವೋ ದೀದಿ ಠೀಕ್ ಹೈ ನಾ?" ಅಂದ. ಆ ಅಕ್ಕ ಚೆನ್ನಾಗಿದ್ದಾಳೆ ತಾನೇ ಅಂತ. ಅವನಿಗೆ ಕನ್ನಡ ಸರಿಯಾಗಿ ಬರಲ್ಲ ಅಂತ ನೀವು ಯಾವಾಗಲೂ ಬೈತೀರಲ್ಲ. ಕೇಳಬೇಕಾದ್ದನ್ನ ಅವನೊಬ್ಬನೇ ಕೇಳಿದ್ದು, ಭಾವ. ನೀವು ಇಷ್ಟು ಹೊತ್ತಾಯ್ತು, ಇನ್ನೂ ಕೇಳಿಲ್ಲ...

ಏನು?... ಏನಂದ್ರಿ?... ಇಲ್ಲ, ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳಿ. ಇದಕ್ಕಿಂತ ದೊಡ್ಡದು ಎಲ್ಲಿ ಆಗಿತ್ತು?... ಶಿವಮೊಗ್ಗದಲ್ಲಾ?...

ಶಿವಮೊಗ್ಗದಲ್ಲಿ ಏನಾಗಿತ್ತು ಭಾವ?... ನೀವು ಯಾರನ್ನ ನೋಡಿ ಸರಿ ಮಾಡಿದ್ರಿ?... ಮಾತು ಬಾಯಿಂದ ಬಂದಾಯ್ತು, ಈಗ ಏನೂ ಇಲ್ಲ ಅನ್ನಬೇಡಿ. ಹೇಳಿ...

ಅಲ್ಲೂ ಬ್ರಾಂಚಿನ ಒಬ್ಬ ಹುಡುಗೀನಾ?... ಹಾಗಾದ್ರೆ ಇವರಿಗೆ ಸಿಕ್ಕಿದ್ದು ಪ್ರಮೋಷನ್ ಅಲ್ಲ... ಗುಜರಾತಿಗೆ ಹಾಕಿದ್ದು ಅದಕ್ಕೇ... ಆವತ್ತು ನಾನು ಸತ್ಯನಾರಾಯಣ ಪೂಜೆ ಮಾಡಿಸಿದೆ, ಭಾವ. ಬೀದಿಗೆಲ್ಲ ಪೇಢೆ ಹಂಚಿದೆ. ಆ ಪೇಢೆ ತಂದುಕೊಟ್ಟಿದ್ದು ನೀವು...

ಅತ್ತೆಗೆ ಗೊತ್ತಿತ್ತಾ?... ಅಕ್ಕನಿಗೆ?... ಅಂದ್ರೆ ಮನೇಲಿ ನನ್ನೊಬ್ಬಳನ್ನ ಬಿಟ್ಟು ಎಲ್ಲರಿಗೂ. ನೀವೆಲ್ಲ ನಮ್ಮನೇಗೆ ಬಂದ್ರಿ, ಹೋದ್ರಿ, ನನ್ನ ಕೈಲಿ ಬಡಿಸ್ಕೊಂಡು ಉಂಡ್ರಿ. ಒಬ್ಬರ ಬಾಯಲ್ಲೂ ಬರಲಿಲ್ಲ. ಇವರ ಮೇಲೆ ಹೇಸಿಗೆ ಆಗಿತ್ತು ನನಗೆ. ಈಗ ನಿಮ್ಮ ದನಿ ಕೇಳೋಕೂ ಆಗ್ತಿಲ್ಲ...

ಆ ಹುಡುಗಿ ಹೆಸರೇನು?... ಶಿವಮೊಗ್ಗದೋಳು. ಹೆಸರು ಹೇಳಿ... ನೆನಪಿಲ್ವಾ? ಅವಳ ಅಪ್ಪನ ಮನೆಗೆ ಹೋಗಿ ಕೂತು ಬಾಯಿ ಮುಚ್ಚಿಸಿ ಬಂದ್ರಿ, ಹೆಸರು ನೆನಪಿಲ್ವಾ?...

ಹಲೋ... ಯಾರು?... ಅಕ್ಕನಾ? ನೀವು ಒಳಗಿನ ಫೋನಲ್ಲಿ ಕೇಳಿಸ್ಕೊಳ್ತಿದ್ರಾ?... ಏನಂದ್ರಿ?... ಮೇದಿನಿ...

ಮೇದಿನಿ. ಹಾಂ... ಕೆಲಸ ಬಿಟ್ಟಳಾ... ಈಗ ಎಲ್ಲಿದ್ದಾಳೆ?... ಭದ್ರಾವತೀಲಿ... ನಿಮಗೆ ಹೇಗೆ ಗೊತ್ತು ಅಕ್ಕ?... ಪ್ರತಿ ವರ್ಷ ಊರಿಗೆ ಹೋದಾಗ ವಿಚಾರಿಸ್ತಿದ್ರಾ... ಭಾವನಿಗೆ ಹೇಳದೆ... ಅಳಬೇಡಿ ಅಕ್ಕ. ನೀವು ಅತ್ತರೆ ನನಗೆ ಕೇಳಿಸಲ್ಲ. ನಾನು ಅವಳನ್ನ ನೋಡಬೇಕು, ಭದ್ರಾವತೀಲಿ ಎಲ್ಲಿ ಅಂತ ಹೇಳಿ...

ಭಾವ, ನೀವು ಮಧ್ಯೆ ಬರಬೇಡಿ, ಅವರು ಹೇಳಲಿ... ಹೇಳಿ ಅಕ್ಕ, ಬರ್ಕೊಳ್ತೀನಿ. ಯಾವ ಬೀದಿ ಅಂದ್ರಿ?... ಅಕ್ಕ? ಯಾವ ಬೀದಿ?... ಭಾವ, ಲೈನ್ ಕಟ್ ಮಾಡಬೇಡಿ... ಹಲೋ... ಅಕ್ಕ...